ಬೆಂಕಿಗೆ ವೈಫೈ ಯಾಕೆ ಅಂತ ಕೇಳಿದವರಿಗೆ

ಹೋದ ತಿಂಗಳು ನಮ್ಮ ಕನ್ನಡದವರೆಲ್ಲ ಸೇರಿ ಇಲ್ಲಿನ ಒಂದು ಪಾರ್ಕಿನಲ್ಲಿ ಊಟ ಇಟ್ಕೊಂಡಿದ್ವಿ. ಇಲ್ಲಿ ಅಂದ್ರೆ ನಾರ್ತ್ ಕೆರೊಲೈನಾದ ಕ್ಯಾರಿ, ರಾಲಿ ಪಕ್ಕದ ಊರು. ಒಬ್ಬೊಬ್ಬರ ಮನೆಯಿಂದ ಒಂದೊಂದು ಅಡುಗೆ ಅಂತ ಮಾತಾಗಿತ್ತು, ಬಿಸಿಬೇಳೆ ಬಾತ್ ಮಾತ್ರ ಮೂರು ಮನೆಯಿಂದ ಬಂದಿತ್ತು. ನಾನು ತಗೊಂಡು ಹೋಗಿದ್ದು ಹಂದಿಯ ಶೋಲ್ಡರ್. ನಾಲ್ಕು ಕೆಜಿ, ಇದ್ದಿಲ ಶಾಖದಲ್ಲಿ ಹದಿಮೂರು ಗಂಟೆ ಬೆಂದಿದ್ದು, ಬೆರಳಲ್ಲಿ ಎಳೆದರೆ ನಾರು ನಾರಾಗಿ ಬಿಡ್ತಿತ್ತು. ತಿನ್ನೋರು ತಿಂದರು, ಇನ್ನೊಂದು ಸಲ ಹಾಕಿಸಿಕೊಂಡರು. ಆಮೇಲೆ ಸ್ನೇಹಿತರೊಬ್ಬರು ಕೇಳಿದರು, "ಪಾಪ, ರಾತ್ರಿಯೆಲ್ಲಾ ಎದ್ದಿದ್ರಾ?"

ನಾನು ಇದ್ದಿದ್ದನ್ನ ಇದ್ದ ಹಾಗೆ ಹೇಳಿದೆ. ಇಲ್ಲ, ಹನ್ನೊಂದಕ್ಕೆ ಮಲಗಿ ಆರಕ್ಕೆ ಎದ್ದೆ. ಬೆಂಕಿ ನೋಡ್ಕೊಳ್ಳೋಕೆ ಒಂದು ಎಲೆಕ್ಟ್ರಾನಿಕ್ ಕಂಟ್ರೋಲರ್ ಇದೆ, ಅದು ಫ್ಯಾನ್ ತಿರುಗಿಸಿ ಶಾಖ ಹಿಡಿದಿಡುತ್ತೆ, ಫೋನಿಗೆ ಗ್ರಾಫ್ ಬರುತ್ತೆ.

ಅಷ್ಟೇ ನೋಡಿ. ಬಾಯಲ್ಲಿದ್ದ ಮಾಂಸವೇ ಹಳಸಿದ ಹಾಗೆ ಮುಖ ಮಾಡಿದರು. "ಬೆಂಕಿಗೂ ವೈಫೈನಾ? ಅದೂ ನೀವು, ಹಳ್ಳಿಯಿಂದ ಬಂದವರು!" ಅವರು ಹುಟ್ಟಿ ಬೆಳೆದಿದ್ದು ಬೆಂಗಳೂರಿನ ಜಯನಗರ. ಅವರ ಜೊತೆ ಬಂದಿದ್ದ ಇಲ್ಲಿನವನೇ ಆದ ಸಹೋದ್ಯೋಗಿಗೆ ವಿಷಯ ಅರ್ಥವಾಗಿ ಅವನೂ ತಲೆ ಆಡಿಸಿದ. ಅದು ಬಾರ್ಬೆಕ್ಯೂ ಅಲ್ಲವಂತೆ, ಅಂಗಳದಲ್ಲಿಟ್ಟ ಓವನ್ ಅಂತೆ. ಬೆಂಕಿ ಪಕ್ಕ ರಾತ್ರಿ ಕೂತವನಿಗೆ ಮಾತ್ರ ಆ ಹೆಸರು ಹೇಳುವ ಹಕ್ಕಿರೋದಂತೆ. ಅವನು ಕೂತಿದ್ದು ಎಷ್ಟು ರಾತ್ರಿ ಅಂತ ಕೇಳಿದೆ. ವರ್ಷಕ್ಕೊಂದು, ಜುಲೈ ನಾಲ್ಕರ ಹಿಂದಿನ ರಾತ್ರಿ, ಬಿಯರ್ ಮತ್ತು ಗೆಳೆಯರ ಜೊತೆ.

ಅವತ್ತು ನಕ್ಕು ಸುಮ್ಮನಾದೆ. ಸುಮ್ಮನಾಗಿದ್ದು ತಪ್ಪಾಯ್ತು ಅಂತ ಆಮೇಲೆ ಅನ್ನಿಸ್ತು. ಹಳ್ಳಿಯಿಂದ ಬಂದವನು ಅನ್ನೋ ಕಾರಣಕ್ಕೇ ಈ ಉತ್ತರ ಬರೀತಿದ್ದೀನಿ.

ಮೊದಲು ಆ ಯಂತ್ರ ಏನು ಮಾಡುತ್ತೆ ಅಂತ ಹೇಳಿಬಿಡ್ತೀನಿ. ಬೈಯುವವರಲ್ಲಿ ಅರ್ಧ ಜನ ಅದು ಕರೆಂಟಿನಿಂದ ಮಾಂಸ ಬೇಯಿಸುತ್ತೆ ಅಂದ್ಕೊಂಡಿದ್ದಾರೆ. ಇಲ್ಲ ಸ್ವಾಮಿ. ಶಾಖ ಬರೋದು ಇದ್ದಿಲಿನಿಂದಲೇ, ಹೊಗೆ ಬರೋದು ಇದ್ದಿಲ ನಡುವೆ ಇಟ್ಟ ಹಿಕರಿ ಮರದ ತುಂಡಿನಿಂದಲೇ. ಕರೆಂಟು ಹೋಗೋದು ಅಂಗೈಯಗಲದ ಒಂದು ಫ್ಯಾನಿಗೆ ಮತ್ತು ಅದನ್ನು ಆಡಿಸುವ ಬೋರ್ಡಿಗೆ. ಮುಚ್ಚಳದೊಳಗೆ, ಮಾಂಸ ಇಟ್ಟ ಜಾಲರಿಯ ಮೇಲೆ, ತಾಪಮಾನ ಅಳೆಯುವ ಒಂದು ಕಡ್ಡಿ. ಮಾಂಸದೊಳಗೆ ಚುಚ್ಚಿದ ಇನ್ನೊಂದು ಕಡ್ಡಿ. ಕೆಳಗಿನ ಗಾಳಿಕಿಂಡಿಗೆ ಫ್ಯಾನು, ಉಳಿದ ಕೆಳಗಿನ ಕಿಂಡಿಗಳೆಲ್ಲ ಬಂದ್, ಮೇಲಿನದು ಒಂದಿಷ್ಟೇ ತೆರೆದಿರುತ್ತೆ. ನಾನು 225 ಡಿಗ್ರಿ ಫ್ಯಾರನ್‌ಹೀಟ್ ಅಂತ ಇಡ್ತೀನಿ, ಅಂದ್ರೆ ಸುಮಾರು 107 ಸೆಲ್ಸಿಯಸ್. ಶಾಖ ಕಡಿಮೆಯಾದರೆ ಫ್ಯಾನ್ ಊದುತ್ತೆ, ಕೆಂಡ ಕೆರಳುತ್ತೆ. ಸಾಕಾದಾಗ ನಿಲ್ಲುತ್ತೆ, ಗಾಳಿ ಸಿಗದೆ ಕೆಂಡ ಮಂಕಾಗುತ್ತೆ. ತಣ್ಣಗೆ ಮಾಡೋ ಶಕ್ತಿ ಅದಕ್ಕಿಲ್ಲ, ಗಾಳಿ ಕೊಡೋದು ಅಥವಾ ಕೊಡದೇ ಇರೋದು, ಇಷ್ಟೇ ಅದರ ಕೆಲಸ.

ನಮ್ಮವ್ವ ಮೂವತ್ತು ವರ್ಷ ಊದುಗೊಳವೆ ಹಿಡಿದು ಮಾಡಿದ್ದೂ ಇದನ್ನೇ. ವ್ಯತ್ಯಾಸ ಅಂದ್ರೆ, ಊದುವಾಗ ಹೊಗೆ ಹೋಗ್ತಿದ್ದಿದ್ದು ಅವ್ವನ ಕಣ್ಣಿಗೆ, ಎದೆಗೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸೌದೆ ಒಲೆಯ ರುಚಿ, ಅಜ್ಜಿಯ ಕೈಗುಣ ಅಂತ ಬರೆಯುವವರು ಆ ಸಾಲನ್ನೂ ಒಂದು ಸಲ ಓದಲಿ. ಗ್ಯಾಸ್ ಬಂದ ದಿನ ನಮ್ಮವ್ವ ಊದುಗೊಳವೆಯನ್ನ ಹಿತ್ತಿಲಲ್ಲಿ ಹೀರೇಬಳ್ಳಿಗೆ ಆಸರೆ ನೆಟ್ಟಳು. ಅದನ್ನ ಫ್ರೇಮ್ ಹಾಕಿಸಿ ಗೋಡೆಗೆ ಹಾಕ್ಕೊಳ್ಳಬೇಕು ಅಂತ ಅವಳಿಗೆ ಅನ್ನಿಸಲಿಲ್ಲ.

ಈಗ ಅಪ್ಪನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಕಡಿಮೆ ಶಾಖದಲ್ಲಿ ಬಹಳ ಹೊತ್ತು ಬೆಂಕಿ ಹಿಡಿದಿಡೋದು ಅಂದ್ರೇನು ಅಂತ ನಾನು ಕಲಿತಿದ್ದು ಅಮೆರಿಕದಲ್ಲಲ್ಲ. ನಮ್ಮೂರು ಹುಣಸೂರು ತಾಲ್ಲೂಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಬ್ಯಾರನ್ ಅಂದ್ರೆ ವಿವರಿಸಬೇಕಿಲ್ಲ, ಉಳಿದವರಿಗೆ ಹೇಳ್ತೀನಿ. ಹೊಗೆಸೊಪ್ಪು ಹದ ಮಾಡುವ ಎತ್ತರದ ಕಟ್ಟಡ ಅದು. ಸೊಪ್ಪನ್ನ ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲು ಸಾಲಾಗಿ ನೇತುಹಾಕ್ತಾರೆ. ಹೊರಗಡೆ ಒಲೆ ಬಾಯಿ, ಅಲ್ಲಿ ಸೌದೆ ಉರಿಯುತ್ತೆ. ಬಿಸಿ ಒಳಗಿನ ತಗಡಿನ ಪೈಪುಗಳಲ್ಲಿ ಸುತ್ತಿ ಚಿಮಣಿಯಿಂದ ಆಚೆ ಹೋಗುತ್ತೆ. ಸೊಪ್ಪಿಗೆ ಹೊಗೆ ತಾಗಬಾರದು, ಶಾಖ ಮಾತ್ರ ತಾಗಬೇಕು. ಒಂದು ಲೋಡು ಆಗೋಕೆ ಐದಾರು ದಿನ, ಐದಾರು ರಾತ್ರಿ. ಸೀಸನ್‌ಗೆ ಏಳೆಂಟು ಲೋಡು. ರಾತ್ರಿಗಳ ಲೆಕ್ಕ ನೀವೇ ಹಾಕ್ಕೊಳ್ಳಿ. (ತಂಬಾಕು ಬೆಳೆಯೋದು ಸರಿಯಾ ತಪ್ಪಾ ಅನ್ನೋದು ಬೇರೆ ಜಗಳ. ನನ್ನ ಬಿಇ ಫೀಸು ಕಟ್ಟಿದ್ದು ಅದೇ ಸೊಪ್ಪು, ಆದ್ದರಿಂದ ನಾನು ನ್ಯಾಯಾಧೀಶ ಆಗೋಕೆ ಲಾಯಕ್ಕಿಲ್ಲ.)

ಮೊದಲ ಒಂದೆರಡು ದಿನ ಶಾಖ 100 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು ಇರಬೇಕು, ಸೊಪ್ಪು ಹಸಿರಿನಿಂದ ಹಳದಿಗೆ ತಿರುಗಬೇಕು. ಆ ಹೊತ್ತಲ್ಲಿ ಬೆಂಕಿ ಜೋರಾದರೆ ಹಸಿರು ಹಸಿರಾಗೇ ಒಣಗಿ ನಿಂತುಬಿಡುತ್ತೆ, ಆಮೇಲೆ ಬ್ರಹ್ಮ ಬಂದರೂ ಹಳದಿ ಆಗಲ್ಲ. ಆಮೇಲೆ ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸ್ತಾ ಕೊನೆಗೆ 160ರ ಹತ್ತಿರ ತರಬೇಕು, ಎಲೆಯ ನಡುವಿನ ದಂಟು ಒಣಗೋಕೆ. ಅಲ್ಲಿ ಬೆಂಕಿ ಇಳಿದರೆ ಇನ್ನೊಂದು ಆಟ. ದಂಟಿನಲ್ಲಿ ಉಳಿದ ನೀರು ವಾಪಸ್ ಎಲೆಗೆ ಇಳಿದು ದಂಟಿನ ಎರಡೂ ಪಕ್ಕ ಕಪ್ಪಾಗುತ್ತೆ. ಎಲೆಯೇನಾದರೂ ಕಡ್ಡಿಯಿಂದ ಕಳಚಿ ಬಿಸಿ ಪೈಪಿನ ಮೇಲೆ ಬಿತ್ತೋ, ಬ್ಯಾರನ್ನಿಗೇ ಬೆಂಕಿ. ನಮ್ಮ ಪಕ್ಕದ ಹೊಲದವರದ್ದು ಹಾಗೇ ಹೋಯ್ತು.

ಅಪ್ಪ ಒಲೆ ಬಾಯಿ ಎದುರು ಗೋಣಿತಾಟು ಹಾಸ್ಕೊಂಡು ಕೂತಿರ್ತಿದ್ದ. ಅರ್ಧ ಗಂಟೆಗೊಂದು ಸಲ ಎದ್ದು ಟಾರ್ಚ್ ಬಿಟ್ಟು ಕಿಟಕಿಯಿಂದ ಒಳಗಿನ ಥರ್ಮಾಮೀಟರ್ ನೋಡೋದು, ಬಂದು ಕೊರಡು ಒಳಕ್ಕೆ ತಳ್ಳೋದು ಅಥವಾ ಆಚೆಗೆ ಎಳೆಯೋದು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಅವನು ನಿದ್ದೆ ಹೋದ. ನಾಲ್ಕನೇ ರಾತ್ರಿ ಇರಬೇಕು. ಹಗಲು ಸೊಪ್ಪು ಮುರಿಯೋದು, ರಾತ್ರಿ ಬೆಂಕಿ ಕಾಯೋದು, ಮನುಷ್ಯ ಎಷ್ಟು ಅಂತ ತಡೀತಾನೆ? ಎರಡು ಗಂಟೆ ಮಲಗಿರಬಹುದು ಅಷ್ಟೆ. ಬೆಳಿಗ್ಗೆ ಒಲೆ ಬೂದಿಯಾಗಿತ್ತು. ಆ ಲೋಡಿನ ಸೊಪ್ಪು ದಂಟಿನುದ್ದಕ್ಕೂ ಕಪ್ಪಾಗಿ ಹರಾಜಿನಲ್ಲಿ ಕೊನೇ ಗ್ರೇಡಿಗೆ ಹೋಯ್ತು. ಆ ವರ್ಷ ಸಾಲ ತೀರಲಿಲ್ಲ, ಅಕ್ಕನ ಮದುವೆ ಮುಂದಕ್ಕೆ ಹೋಯ್ತು. ಅಪ್ಪ ಆ ವಿಷಯ ಇವತ್ತಿಗೂ ಎತ್ತಲ್ಲ. ನಾವೂ ಎತ್ತಲ್ಲ.

ಇಂಥ ಮನೆಯಿಂದ ಬಂದವನಿಗೆ, ಬೆಂಕಿ ಪಕ್ಕ ಎದ್ದಿರೋದು ಒಂದು ಧ್ಯಾನ, ಅದೊಂದು ಸಂಬಂಧ, ಅದನ್ನ ಯಂತ್ರಕ್ಕೆ ಕೊಟ್ಟುಬಿಟ್ಟರೆ ಏನೋ ಪವಿತ್ರವಾದದ್ದು ಕಳೆದುಹೋಗುತ್ತೆ ಅಂತ ಹೇಳ್ತೀರಲ್ಲ, ನಿಮಗೆ ಏನು ಹೇಳಲಿ? ನಿಮ್ಮ ಧ್ಯಾನಕ್ಕೆ ಸೋಮವಾರ ರಜೆ ಇದೆ. ಬೆಂಕಿ ಕೆಟ್ಟರೆ ಪಿಜ್ಜಾ ತರಿಸ್ತೀರಿ.

ಇನ್ನೂ ಒಂದು ವಿಷಯ. ಈ ಕಂಟ್ರೋಲರ್ ಒಳಗೆ ಓಡುವ ಲೆಕ್ಕಕ್ಕೆ ಪಿಐಡಿ ಅಂತಾರೆ. ಇಂಜಿನಿಯರಿಂಗ್ ಓದಿದವರು ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ನೆನಪಿಸ್ಕೊಂಡು ಮೈ ನಡುಗಿಸ್ಕೊಳ್ಳಬೇಡಿ, ವಿಷಯ ಸುಲಭ. ಅದು ಮೂರು ಪ್ರಶ್ನೆ ಕೇಳುತ್ತೆ. ಈಗ ಎಷ್ಟು ಕಡಿಮೆ ಇದೆ? ಎಷ್ಟು ಹೊತ್ತಿನಿಂದ ಕಡಿಮೆ ಇದೆ? ಏರ್ತಾ ಇರೋದು ಯಾವ ವೇಗದಲ್ಲಿ? ಮೂರಕ್ಕೂ ಉತ್ತರ ಕೂಡಿಸಿ ಫ್ಯಾನ್ ಎಷ್ಟು ತಿರುಗಬೇಕು ಅಂತ ತೀರ್ಮಾನ ಮಾಡುತ್ತೆ. ಅಪ್ಪ ಥರ್ಮಾಮೀಟರ್ 98 ಇರುವಾಗಲೇ ಕೊರಡು ಆಚೆಗೆ ಎಳೀತಿದ್ದ. ಇನ್ನೂ ನೂರು ಆಗಿಲ್ಲವಲ್ಲಪ್ಪ ಅಂದ್ರೆ, "ಓಡ್ತಾ ಬರ್ತಿದೆ ಕಣೋ ಮಗ, ನಿಲ್ಸಕ್ಕಾಗಲ್ಲ" ಅಂತಿದ್ದ. ಮೂರನೇ ಪ್ರಶ್ನೆ ಅಂದ್ರೆ ಇದೇ. ಕಾಲೇಜಿನಲ್ಲಿ ಡೆರಿವೇಟಿವ್ ಅಂತ ಬೋರ್ಡಿನ ಮೇಲೆ ಬರೆದಾಗ ಕ್ಲಾಸಿನಲ್ಲಿ ನನಗೆ ಮೊದಲು ಹೊಳೆದಿದ್ದು ಯಾಕೆ ಅಂತ ನಮ್ಮ ಲೆಕ್ಚರರಿಗೆ ಗೊತ್ತಾಗಲಿಲ್ಲ.

ಈ ಲೆಕ್ಕ ಹುಟ್ಟಿದ್ದೂ ಹಾಗೇ. 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಹಡಗನ್ನು ತಾನಾಗೇ ನಡೆಸುವ ಬಗ್ಗೆ ಬರೆದ ಪ್ರಬಂಧದಿಂದ ಅದು ಶುರುವಾಯ್ತು, ಚುಕ್ಕಾಣಿ ಹಿಡಿಯುವ ನುರಿತ ನಾವಿಕ ಏನು ಮಾಡ್ತಾನೆ ಅಂತ ಗಮನಿಸಿ. ಹಾಗಾಗಿ ಯಂತ್ರ ಮನುಷ್ಯನ ಕೌಶಲವನ್ನ ಅವಮಾನ ಮಾಡುತ್ತೆ ಅನ್ನೋ ಮಾತು ತಲೆಕೆಳಗು. ಅದರೊಳಗಿರೋದೇ ಆ ಕೌಶಲ. ಇನ್ನು ಬೆಂಕಿಗೆ ಯಂತ್ರ ಕಟ್ಟೋದು ಇವತ್ತಿನ ಐಟಿಯವರ ಹುಚ್ಚು ಅನ್ನೋರಿಗೆ: ಹದಿನೇಳನೇ ಶತಮಾನದಲ್ಲೇ ಕಾರ್ನೆಲಿಸ್ ಡ್ರೆಬೆಲ್ ಅನ್ನೋ ಡಚ್ಚಿನವನು ಕೋಳಿಮೊಟ್ಟೆ ಮರಿ ಮಾಡೋಕೆ ಒಂದು ಒಲೆ ಕಟ್ಟಿದ್ದ. ಶಾಖ ಏರಿದರೆ ಒಳಗಿನ ದ್ರವ ಹಿಗ್ಗಿ ಪಾದರಸವನ್ನ ತಳ್ಳಿ ಗಾಳಿಯ ದಾರಿ ಮುಚ್ಚೋದು, ಇಳಿದರೆ ತೆರೆಯೋದು. ನನ್ನ ಅಂಗಳದಲ್ಲಿರೋದು ಅದೇ, ವೈಫೈ ಒಂದು ಜಾಸ್ತಿ.

ಇದು ಮೋಸ ಅನ್ನೋ ವಾದಕ್ಕೆ ಬಹಳ ಹೊತ್ತು ಬೇಡ. ಇಲ್ಲಿ ಬಾರ್ಬೆಕ್ಯೂ ಸ್ಪರ್ಧೆ ನಡೆಸುವ ದೊಡ್ಡ ಸಂಸ್ಥೆ ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ. ಅವರ ನಿಯಮದಲ್ಲೇ ಇದೆ, ಗ್ಯಾಸಿನಿಂದಲೋ ವಿದ್ಯುತ್ತಿನಿಂದಲೋ ಬೇಯಿಸುವಂತಿಲ್ಲ, ಆದರೆ ಗಾಳಿ ಊದುವ ವಿದ್ಯುತ್ ಉಪಕರಣ ಬಳಸಬಹುದು. ಬಹುಮಾನಕ್ಕೆ ಹೊಡೆದಾಡೋರೇ ಒಪ್ಪಿದ್ದನ್ನ ಪಾರ್ಕಿನಲ್ಲಿ ಪುಕ್ಕಟೆ ತಿಂದವರು ಒಪ್ಪಲ್ಲ.

ರುಚಿಯ ವಾದದಲ್ಲಿ ಮಾತ್ರ ಹುರುಳಿದೆ, ಅದನ್ನ ಒಪ್ಕೋತೀನಿ. ಈ ರಾಜ್ಯದ ಪೂರ್ವಕ್ಕೆ ಏಡನ್ ಅನ್ನೋ ಸಣ್ಣ ಊರಿನಲ್ಲಿ ಸ್ಕೈಲೈಟ್ ಇನ್ ಅಂತ ಇದೆ, 1947ರಿಂದ ನಡೀತಿದೆ. ಇಡೀ ಹಂದಿಯನ್ನ ಸೌದೆ ಕೆಂಡದ ಮೇಲೆ ರಾತ್ರಿಯೆಲ್ಲ ಬೇಯಿಸಿ, ಕೊಚ್ಚಿ, ಗರಿಗರಿ ಚರ್ಮ ಸೇರಿಸಿ ಕೊಡ್ತಾರೆ. ನನ್ನದು ಅದರ ಕಾಲ ಬಳಿಗೂ ಬರಲ್ಲ. ದೊಡ್ಡದಾಗಿ ಉರಿಯುವ ಸೌದೆಯ ಹೊಗೆ ತೆಳ್ಳಗಿರುತ್ತೆ, ಸಿಹಿಯಾಗಿರುತ್ತೆ. ನನ್ನ ಡಬ್ಬದೊಳಗೆ ಗಾಳಿ ಬಿಗಿಹಿಡಿದ ಕೆಂಡದಲ್ಲಿ ಮರದ ತುಂಡು ಕೆಲವೊಮ್ಮೆ ಹೊಗೆಯಾಡ್ತಾ ಬಿಳಿ ಹೊಗೆ ಬಿಡುತ್ತೆ, ಅದು ಕಹಿ. ಆದ್ದರಿಂದಲೇ ಬಿಳಿ ಹೊಗೆ ತಿಳಿಯಾಗುವವರೆಗೆ ನಾನು ಮಾಂಸ ಇಡಲ್ಲ. 2013ರಲ್ಲಿ ಜಾನ್ ಶೆಲ್ಟನ್ ರೀಡ್ ಮತ್ತು ಡ್ಯಾನ್ ಲೆವೀನ್ ಇಲ್ಲೊಂದು ಚಳವಳಿ ಶುರು ಮಾಡಿದರು, ಸೌದೆಯನ್ನೋ ಇದ್ದಿಲನ್ನೋ ಬಿಟ್ಟು ಗ್ಯಾಸಿಗೆ ಹೋದ ಹೋಟೆಲುಗಳ ವಿರುದ್ಧ. ಅವರ ಜಗಳ ನ್ಯಾಯವಾದದ್ದು. ಆದರೆ ಅದು ಏನು ಉರೀತಿದೆ ಅನ್ನೋ ಜಗಳ. ಗಾಳಿಕಿಂಡಿ ತೆಗೆದಿದ್ದು ಯಾರ ಕೈ ಅನ್ನೋದು ಹಂದಿಗೂ ಗೊತ್ತಾಗಲ್ಲ, ತಿನ್ನೋರಿಗೂ ಗೊತ್ತಾಗಲ್ಲ. ಜಯನಗರದ ಸ್ನೇಹಿತರಿಗೆ ನಾನು ಬಾಯಿ ಬಿಡೋವರೆಗೂ ಗೊತ್ತಾಗಿರಲಿಲ್ಲ.

ಇನ್ನೂ ಒಂದು ಒಪ್ಕೋಬೇಕು. ಕಂಟ್ರೋಲರ್ ಇದ್ರೆ ಯಾರು ಬೇಕಾದರೂ ಮಾಡಬಹುದು ಅನ್ನೋದು ಮಾರುವವರ ಸುಳ್ಳು. ನಾನು ನನ್ನದನ್ನ ಹೀಟರ್‌ಮೀಟರ್ ಅನ್ನೋ ಓಪನ್ ಸೋರ್ಸ್ ವಿನ್ಯಾಸ ನೋಡಿ ಬೆಸುಗೆ ಹಾಕಿ ಮಾಡ್ಕೊಂಡೆ, ರಾಸ್ಪ್‌ಬೆರಿ ಪೈ ಮೇಲೆ ಓಡುತ್ತೆ. ಮೊದಲನೇ ವರ್ಷ ಒಂದು ರಾತ್ರಿ ಜಾಲರಿಯ ಮೇಲಿನ ಕಡ್ಡಿ ಜಾರಿ ತಣ್ಣನೆ ಮಾಂಸಕ್ಕೆ ಒರಗಿಬಿಡ್ತು. ಪರದೆ ಮೇಲೆ 180 ಅಂತ ತೋರಿಸ್ತಿದೆ, ಫ್ಯಾನ್ ಪ್ರಾಣ ಬಿಟ್ಟು ಊದ್ತಿದೆ. ಒಳಗೆ ನಿಜವಾಗಿ ಎಷ್ಟಿತ್ತೋ. ನಾನು ಗ್ರಾಫ್ ನೋಡ್ತಾ ಏನೋ ಸೋರ್ತಿದೆ ಅಂದ್ಕೊಂಡು ಸೆಟ್ಟಿಂಗ್ ಬದಲಾಯಿಸ್ತಾ ಕೂತಿದ್ದೆ, ದಡ್ಡ. ಸಕ್ಕರೆ ಸೀದ ವಾಸನೆ ಮೂಗಿಗೆ ಬಡಿದಾಗ ಓಡಿದೆ. ಮುಚ್ಚಳ ಪದೇ ಪದೇ ತೆಗೆದರೂ ಇದೇ ಪಾಡು. ಶಾಖ ಬಿತ್ತು ಅಂತ ಫ್ಯಾನ್ ಕೆರಳಿಸುತ್ತೆ, ಆಮೇಲೆ ಹೆಚ್ಚಾದ ಬೆಂಕಿಯನ್ನ ಇಳಿಸೋಕೆ ಅದಕ್ಕೆ ಬರಲ್ಲ. ಇದ್ದಿಲು ತುಂಬುವ ರೀತಿಯನ್ನೂ ಅದು ಹೇಳಿಕೊಡಲ್ಲ. ಉರಿಯದ ಇದ್ದಿಲಿನ ರಾಶಿ ಮೇಲೆ ಹತ್ತಿಪ್ಪತ್ತು ಕೆಂಡ ಹಾಕಿ, ರಾತ್ರಿಯಿಡೀ ನಿಧಾನಕ್ಕೆ ಒಂದರಿಂದ ಒಂದಕ್ಕೆ ಹತ್ತೋ ಹಾಗೆ ಮಾಡಬೇಕು. ಮಾಂಸದೊಳಗಿನ ಶಾಖ 160ರ ಹತ್ತಿರ ಬಂದು ಮೂರು ನಾಲ್ಕು ಗಂಟೆ ಅಲ್ಲೇ ಕೂತುಬಿಟ್ಟಾಗ ಗಾಬರಿ ಬೀಳಬಾರದು. ಮೇಲ್ಮೈಯಿಂದ ನೀರು ಆವಿಯಾಗಿ, ಬೆವರಿದ ಮೈ ತಣ್ಣಗಾಗೋ ಹಾಗೆ ಮಾಂಸ ತಣ್ಣಗಾಗ್ತಿರುತ್ತೆ, ಅಷ್ಟೆ. ಕೊನೆಗೆ 200ರ ಆಸುಪಾಸು ಬಂದಾಗಲೂ ಸಂಖ್ಯೆ ನಂಬದೆ ಚುಚ್ಚಿ ನೋಡಬೇಕು, ಬೆಣ್ಣೆಗೆ ಚುಚ್ಚಿದ ಹಾಗೆ ಹೋಗಬೇಕು. ಇದಿಷ್ಟೂ ಕೌಶಲವೇ. ಯಂತ್ರ ತಗೊಂಡಿದ್ದು ಇದ್ಯಾವುದನ್ನೂ ಅಲ್ಲ. ಅದು ತಗೊಂಡಿದ್ದು ರಾತ್ರಿ ಎರಡು ಗಂಟೆಗೆ ಎದ್ದು ಕಿಂಡಿಯನ್ನ ಕಾಲಿಂಚು ಸರಿಸುವ ಕೂಲಿಯನ್ನ.

ಆ ಕೂಲಿಯನ್ನ ಮಾಡಿದವರು ಯಾರು ಅಂತ ಕೇಳಿದರೆ ಇಲ್ಲಿನ ಜನಕ್ಕೂ ಕಸಿವಿಸಿ ಆಗುತ್ತೆ. ಈ ದಕ್ಷಿಣದ ರಾಜ್ಯಗಳಲ್ಲಿ ನೂರಾರು ಜನಕ್ಕೆ ಬಾರ್ಬೆಕ್ಯೂ ಮಾಡುವ ದೊಡ್ಡ ಊಟಗಳಲ್ಲಿ ಗುಂಡಿ ತೋಡಿ, ಸೌದೆ ಒಡೆದು, ರಾತ್ರಿಯೆಲ್ಲ ಕೆಂಡ ಹರಡಿದವರು ಬಹುಪಾಲು ಗುಲಾಮರಾಗಿದ್ದ ಕರಿಯ ಜನ. ಏಡ್ರಿಯನ್ ಮಿಲ್ಲರ್ 2021ರಲ್ಲಿ ಬರೆದ 'ಬ್ಲ್ಯಾಕ್ ಸ್ಮೋಕ್' ಪುಸ್ತಕದ ತುಂಬ ಅವರದೇ ಕಥೆ. ಬೆಂಕಿ ಪಕ್ಕದ ರಾತ್ರಿ ಎಷ್ಟು ಚೆಂದ ಅಂತ ಬರೆದಿಟ್ಟವರು ಬೆಳಿಗ್ಗೆ ಬಂದು ಉಂಡವರು.

ಅದಕ್ಕಿಂತ ವಿಚಿತ್ರವಾದದ್ದು ಹೇಳ್ತೀನಿ. ಅಪ್ಪ ಅವ್ವ ಇಲ್ಲಿಗೆ ಬಂದು ಮೂರು ತಿಂಗಳು ಇದ್ದಾಗ ಅವರನ್ನ ಡರ್‌ಹಮ್‌ನ ಡ್ಯೂಕ್ ಹೋಮ್‌ಸ್ಟೆಡ್‌ಗೆ ಕರ್ಕೊಂಡು ಹೋಗಿದ್ದೆ, ಡ್ಯೂಕ್ ಮನೆತನದವರ ಹಳೇ ತಂಬಾಕು ತೋಟ, ಈಗ ಮ್ಯೂಸಿಯಂ. ಅಲ್ಲಿ ಸೊಪ್ಪು ಹದ ಮಾಡುವ ಹಳೇ ಬಾರ್ನ್ ಇದೆ. ನಮ್ಮ ಬ್ಯಾರನ್ ಅನ್ನೋ ಪದವೇ ಆ ಬಾರ್ನ್‌ನಿಂದ ಬಂದಿದ್ದು. ಅಪ್ಪ ಅದನ್ನ ಒಂದು ಸುತ್ತು ಹಾಕಿ, "ನಮ್ದೇ ದೊಡ್ಡದು" ಅಂದ. ನಾನು ಅವನಿಗೆ ಸ್ಟೀಫನ್ನನ ಕಥೆ ಹೇಳಿದೆ. ಇಲ್ಲಿಂದ ಉತ್ತರಕ್ಕೆ ಕ್ಯಾಸ್ವೆಲ್ ಕೌಂಟಿ. 1839. ಏಬೈಷಾ ಸ್ಲೇಡ್ ಅನ್ನೋ ತಂಬಾಕು ಬೆಳೆಗಾರನ ಹತ್ತಿರ ಗುಲಾಮನಾಗಿದ್ದ ಹುಡುಗ ಸ್ಟೀಫನ್, ಕುಲುಮೆ ಕೆಲಸದವನು, ರಾತ್ರಿ ಬಾರ್ನಿನ ಬೆಂಕಿ ಕಾಯ್ತಾ ನಿದ್ದೆ ಹೋದ. ಎದ್ದು ನೋಡಿದರೆ ಬೆಂಕಿ ಆರೋದರಲ್ಲಿದೆ. ಹೆದರಿ ಕುಲುಮೆಗೆ ಅಂತ ಸುಟ್ಟಿಟ್ಟಿದ್ದ ಇದ್ದಿಲು ತಂದು ಸುರಿದ. ಒಮ್ಮೆಲೇ ಏರಿದ ಒಣಶಾಖಕ್ಕೆ ಸೊಪ್ಪು ಯಾರೂ ನೋಡಿರದಷ್ಟು ಹೊಳೆಯುವ ಹಳದಿಗೆ ತಿರುಗಿತು. ಆ ಹಳದಿ ಸೊಪ್ಪಿನ ಹಿಂದೆ ಹೋಗಿಯೇ ಆಮೇಲೆ ಪೈಪಿನಲ್ಲಿ ಶಾಖ ಹಾಯಿಸುವ ಪದ್ಧತಿ ಬೆಳೀತು, ಅದೇ ಹುಣಸೂರಿಗೂ ಬಂತು. ಅಂದ್ರೆ ನಮ್ಮನೆಯ ಅನ್ನದ ಮೂಲ ಕೂಡ ಬೆಂಕಿ ಮುಂದೆ ನಿದ್ದೆ ತಡೆಯಲಾರದ ಒಬ್ಬ ಹುಡುಗ. ದುಡ್ಡು ಮಾಡಿದ್ದು ಸ್ಲೇಡ್.

ಅಪ್ಪ ಕೇಳಿಸ್ಕೊಂಡ. "ಅವನಿಗೆ ಹೊಡೀಲಿಲ್ವಾ?" ಅಂತ ಒಂದೇ ಮಾತು ಕೇಳಿದ.

ಈಗ ಇಲ್ಲಿ ಅಂಥ ಬಾರ್ನಿನ ಮುಂದೆ ಯಾರೂ ಕೂರಲ್ಲ. 1950ರ ದಶಕದಲ್ಲೇ ಈಗಿನ ನಾರ್ತ್ ಕೆರೊಲೈನಾ ಸ್ಟೇಟ್ ಯೂನಿವರ್ಸಿಟಿಯವರು ಫ್ಯಾನಿನಿಂದ ಬಿಸಿಗಾಳಿ ಹಾಯಿಸುವ ಬಲ್ಕ್ ಬಾರ್ನ್ ಮಾಡಿದರು. ಈಗ ಅದಕ್ಕೆ ಗ್ಯಾಸ್ ಬರ್ನರ್, ಆಟೋಮ್ಯಾಟಿಕ್ ಕಂಟ್ರೋಲ್. ಹಣದ ಬೆಳೆಗೆ ಥರ್ಮೋಸ್ಟಾಟ್ ಬಂದಾಗ ಕಲೆ ಸತ್ತಿತು ಅಂತ ಯಾರೂ ಅಳಲಿಲ್ಲ, ರೈತ ಮಲಗಿದ, ಅಷ್ಟೆ. ಭಾನುವಾರದ ಹಂದಿಗೆ ಬಂದಾಗ ಮಾತ್ರ ಸಂಪ್ರದಾಯ ನೆನಪಾಗುತ್ತೆ.

ಅವತ್ತು ರಾತ್ರಿ ಅಂಗಳದಲ್ಲಿ ಶೋಲ್ಡರ್ ಇಟ್ಟಿದ್ದೆ. ಅಪ್ಪನಿಗೆ ಫೋನಿನ ಗ್ರಾಫ್ ತೋರಿಸಿದೆ, 225ರ ಮೇಲೆ ಹಗ್ಗ ಎಳೆದ ಹಾಗೆ ಗೆರೆ. ಬಹಳ ಹೊತ್ತು ನೋಡಿದ. "ನೀನು ಮಲಗ್ತೀಯಾ ಈಗ?" ಅಂದ. ಹ್ಞೂಂ ಅಂದೆ. ಬೆಳಿಗ್ಗೆ ಅವ್ವ ಹೇಳಿದಳು, ನಿಮ್ಮಪ್ಪ ರಾತ್ರಿ ಎರಡು ಸಲ ಎದ್ದು ಹೋಗಿ ಕೈ ಅಡ್ಡ ಹಿಡಿದು ನೋಡಿ ಬಂದ್ರು ಅಂತ. ತಿಂಡಿ ತಿನ್ನುವಾಗ ಅಪ್ಪ ಕೇಳಿದ, "ಇದು ನಮ್ಮ ಬ್ಯಾರನ್‌ಗೆ ಆಗಲ್ವಾ ಮಗ?"

ನಾನು ಇಂಜಿನಿಯರ್ ಅಲ್ವಾ, ಆಗದೇ ಇರೋಕೆ ಕಾರಣ ಪಟ್ಟಿ ಮಾಡಿದೆ. ಸೌದೆ ಬೆಂಕಿ ಇದ್ದಿಲಿನ ಹಾಗಲ್ಲ, ಗಾಳಿ ಕಟ್ಟಿದರೂ ಕೊರಡು ಉರೀತಾನೇ ಇರುತ್ತೆ. ಒಲೆ ಬಾಯಿ ಬಿಗಿಯಾಗಿ ಮುಚ್ಚಲ್ಲ. ರಾತ್ರಿ ಕರೆಂಟಿರಲ್ಲ. ತಪ್ಪಿದರೆ ಬ್ಯಾರನ್ನೇ ಸುಟ್ಟುಹೋಗುತ್ತೆ. ಎಲ್ಲವೂ ನಿಜ. ಅಪ್ಪ "ಸರಿ ಬಿಡು" ಅಂದು ಇಡ್ಲಿ ತಿಂದ.

ಆ "ಸರಿ ಬಿಡು" ನನ್ನನ್ನ ಬಿಡಲಿಲ್ಲ. ನಾನು ನಾಲ್ಕು ವರ್ಷದಿಂದ ನಾಲ್ಕು ಕೆಜಿ ಹಂದಿಗೋಸ್ಕರ ಪಿಐಡಿ ಅಂಕಿಗಳನ್ನ ತಿದ್ದುತ್ತಿದ್ದೆ, ಗ್ರಾಫಿನ ಬಣ್ಣ ಆರಿಸ್ತಿದ್ದೆ. ಆ ನಾಲ್ಕೂ ವರ್ಷ ಅಪ್ಪ ಟಾರ್ಚ್ ಹಿಡ್ಕೊಂಡು ಅರ್ಧ ಗಂಟೆಗೊಮ್ಮೆ ಏಳ್ತಿದ್ದ. ತಿಂಗಳಿಗೊಮ್ಮೆ ದುಡ್ಡು ಕಳಿಸಿದರೆ ಮಗನ ಕೆಲಸ ಮುಗೀತು ಅಂದ್ಕೊಂಡಿದ್ದೆ. ಬೆಂಕಿಗೆ ವೈಫೈ ಯಾಕೆ ಅಂತ ಬೈಯೋರು ನಿಜಕ್ಕೂ ಬೈಬೇಕಿದ್ದರೆ ಇದಕ್ಕೆ ಬೈಲಿ: ಇಷ್ಟು ಅಗ್ಗದ, ಇಷ್ಟು ಸುಲಭದ ವಸ್ತು ಮೊದಲು ತಲುಪಿದ್ದು ಹವ್ಯಾಸಕ್ಕೆ ಬೆಂಕಿ ಹಚ್ಚುವ ನನ್ನಂಥವರ ಅಂಗಳಕ್ಕೆ. ಹೊಟ್ಟೆಪಾಡಿಗೆ ಬೆಂಕಿ ಕಾಯುವವನಿಗೆ ಅದು ಆಗಲ್ಲ ಅಂತ ಹೇಳೋಕೆ ನಮ್ಮ ಹತ್ತಿರ ಒಳ್ಳೊಳ್ಳೆ ಕಾರಣಗಳಿವೆ.

ಬೆಂಕಿ ಆಳೋಕೆ ಆಗದಿದ್ದರೆ ಹೋಗಲಿ, ಎಬ್ಬಿಸೋಕೆ ಆಗುತ್ತಲ್ಲ. ಹೋದ ಸೀಸನ್‌ಗೆ ಮುಂಚೆ ಊರಿಗೆ ಹೋದಾಗ ಒಂದು ಸಣ್ಣ ಪೆಟ್ಟಿಗೆ ಮಾಡಿಟ್ಟು ಬಂದೆ. ಮೈಸೂರಿನಲ್ಲಿ ಕೊಂಡ ಸೆನ್ಸರ್, ಒಂದು ಬೋರ್ಡು, ಬ್ಯಾಟರಿ, ಬಜರ್. ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಅಪ್ಪ ಎರಡು ಅಂಕಿ ಒತ್ತಬೇಕು, ಕೆಳಗಿನದು ಮೇಲಿನದು. ಶಾಖ ಅದರಾಚೆ ಹೋದರೆ ಕೂಗುತ್ತೆ. ಊದಲ್ಲ, ಕೊರಡು ಎಳೆಯಲ್ಲ, ಏನೂ ಮಾಡಲ್ಲ. ಕೂಗುತ್ತೆ.

ಮೊದಲ ಲೋಡು ಮುಗಿದ ಮೇಲೆ ಫೋನ್ ಮಾಡಿ ಕೇಳಿದೆ, ಹೆಂಗಪ್ಪ, ಕೆಲಸ ಮಾಡ್ತಾ ಅಂತ.

"ಮಾಡ್ತು. ಎರಡು ಸಲ ಕೂಗ್ತು. ಎರಡು ಸಲನೂ ನಾನು ಎದ್ದೇ ಇದ್ದೆ."

ಸೀಸನ್ ಮುಗಿಯೋ ಹೊತ್ತಿಗೆ ಇನ್ನೊಂದು ಸಲ ಕೇಳಿದೆ. ಆವಾಗ ಅಪ್ಪ ಬೇರೆ ದೂರು ಹೇಳಿದ. ಬಜರಿನ ತಂತಿ ಗಿಡ್ಡ ಆಯ್ತಂತೆ, ಒಲೆ ಹತ್ತಿರಕ್ಕೇ ಮುಗಿದುಹೋಗುತ್ತಂತೆ. ಈ ಸಲ ಬರುವಾಗ ಇಪ್ಪತ್ತು ಮೀಟರ್ ತಂತಿ ತಗೊಂಡು ಬಾ, ಜಗುಲಿ ದಾಟಿ ಒಳಗೆ ಮಂಚದವರೆಗೂ ಬೇಕು ಅಂದ.